ನಿನ್ನೆ ರಾತ್ರಿ ಹಿಮ ಹೆಪ್ಪುಗಟ್ಟಿತೇ? ವಸಂತದಲ್ಲಿ ಸ್ನೋಮೊಬೈಲ್ ಏರುವ ಮುನ್ನ

ಸಿಯಾಟಲ್, ಡೆನ್ವರ್, ಕ್ಯಾಲ್ಗರಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಏಪ್ರಿಲ್ ಎರಡು ಋತುಗಳ ತಿಂಗಳು. ಊರಿನಲ್ಲಿ ಹೂ ಅರಳಿ, ದಪ್ಪ ಜಾಕೆಟ್‌ಗಳು ಪೆಟ್ಟಿಗೆ ಸೇರಲು ಶುರುವಾಗಿರುತ್ತದೆ. ಎರಡು ಮೂರು ಗಂಟೆ ಕಾರು ಓಡಿಸಿದರೆ ಬೆಟ್ಟದ ಮೇಲೆ ಇನ್ನೂ ಆಳೆತ್ತರದ ಹಿಮ. ಹಗಲು ಉದ್ದ, ಬಿಸಿಲು ಹಿತ. ಹಿಮದ ಮೇಲೆ ಓಡುವ ಮೋಟಾರು ವಾಹನವಾದ ಸ್ನೋಮೊಬೈಲ್ ಬಾಡಿಗೆಗೆ ಪಡೆದು ಒಮ್ಮೆ ಬೆಟ್ಟ ಹತ್ತೋಣ ಎಂಬ ಆಸೆ ಹುಟ್ಟುವುದು ಸಹಜ. ಇತ್ತ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಬೇಸಿಗೆ ರಜೆಗೆ ಮನಾಲಿ, ಗುಲ್ಮಾರ್ಗ್‌ಗೆ ಹೋಗುವವರೂ ಹಿಮದ ಸ್ಕೂಟರ್ ಏರಿ ಬರುತ್ತಾರೆ.

ಹಿಮ ಕಂಡು ಬೆಳೆಯದ ನಾವು ಮೊದಲು ಕೇಳುವ ಪ್ರಶ್ನೆ, 'ಹಿಮ ಎಷ್ಟಿದೆ?' ಚಳಿಗಾಲದ ನಟ್ಟನಡುವೆ ಅದು ಸರಿಯಾದ ಪ್ರಶ್ನೆಯೇ. ವಸಂತದಲ್ಲಿ ಮಾತ್ರ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ನಿನ್ನೆ ರಾತ್ರಿ ಹಿಮ ಹೆಪ್ಪುಗಟ್ಟಿತೇ? ಹೆಪ್ಪುಗಟ್ಟಿದ್ದರೆ ಎಷ್ಟು ಆಳಕ್ಕೆ? ಆ ಗಟ್ಟಿತನ ಇವತ್ತು ಎಷ್ಟು ಹೊತ್ತಿನವರೆಗೆ ಉಳಿಯುತ್ತದೆ? ಬೆಟ್ಟದ ಸವಾರರು, ಸ್ಕೀ ಆಡುವವರು, ಹಿಮಕುಸಿತದ ಮುನ್ಸೂಚನೆ ಬರೆಯುವವರು ವಸಂತದ ಹಿಮವನ್ನು ಅಳೆಯುವುದು ಮುಖ್ಯವಾಗಿ ಈ ಮೂರು ಪ್ರಶ್ನೆಗಳಿಂದಲೇ. ಇವುಗಳ ಹಿಂದಿರುವ ಕಾರಣ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಯಂತ್ರ ಕೆಲಸ ಮಾಡುವ ಬಗೆ

ಸ್ನೋಮೊಬೈಲ್‌ನ ಮುಂದೆ ದಿಕ್ಕು ತಿರುಗಿಸುವ ಎರಡು ಸ್ಕೀಗಳಿರುತ್ತವೆ, ಹಿಂದೆ ಎಂಜಿನ್ ತಿರುಗಿಸುವ ಅಗಲವಾದ ರಬ್ಬರ್ ಪಟ್ಟಿ. ಆ ಪಟ್ಟಿಗೆ ಟ್ರ್ಯಾಕ್ ಎನ್ನುತ್ತಾರೆ. ಒಬ್ಬಿಬ್ಬರು ಏರಬಹುದಾದ ಇಂಥ ಹಗುರ ಯಂತ್ರವನ್ನು ಕೆನಡಾದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ 1959ರಲ್ಲಿ 'ಸ್ಕೀ-ಡೂ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಬೆಟ್ಟಕ್ಕೆಂದೇ ತಯಾರಾಗುವ ಇಂದಿನ ಮಾದರಿಗಳಲ್ಲಿ ಟ್ರ್ಯಾಕ್ ಉದ್ದವಾಗಿದ್ದು, ಅದರ ಮೇಲೆ ಎರಡೂವರೆ ಮೂರು ಇಂಚು ಎತ್ತರದ ರಬ್ಬರ್ ಹಲ್ಲುಗಳಿರುತ್ತವೆ. ಯಂತ್ರದ ತೂಕ 200 ಕಿಲೋ ದಾಟುತ್ತದೆ.

ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಬೆಟ್ಟದ ಸ್ನೋಮೊಬೈಲ್‌ಗಳಲ್ಲಿ ಎಂಜಿನ್ನಿನ ಬಿಸಿ ದ್ರವವನ್ನು ತಣಿಸುವುದು ಕಾರಿನಲ್ಲಿರುವಂತೆ ಗಾಳಿ ಬಡಿಯುವ ರೇಡಿಯೇಟರ್ ಅಲ್ಲ, ಟ್ರ್ಯಾಕ್ ಎರಚುವ ಹಿಮ. ಟ್ರ್ಯಾಕ್ ಮೇಲಿನ ಲೋಹದ ಗೂಡಿಗೆ ಹಿಮ ಸತತವಾಗಿ ಬಡಿಯುತ್ತಿದ್ದರೆ ಮಾತ್ರ ಎಂಜಿನ್ ತಂಪಾಗಿರುತ್ತದೆ. ಟ್ರ್ಯಾಕ್ ಸರಿದಾಡುವ ಪ್ಲಾಸ್ಟಿಕ್ ಪಟ್ಟಿಗಳಿಗೆ ಜಾರುಗುಣ ಕೊಡುವುದೂ ಅದೇ ಹಿಮ. ಕಲ್ಲಿನಂತೆ ಗಟ್ಟಿಯಾದ ಹಿಮದ ಮೇಲೆ ಎರಚುವುದಕ್ಕೆ ಏನೂ ಸಿಗುವುದಿಲ್ಲ. ಎಂಜಿನ್ ಕಾಯುತ್ತದೆ, ಪ್ಲಾಸ್ಟಿಕ್ ಪಟ್ಟಿ ಬಿಸಿಯಾಗಿ ಸವೆಯುತ್ತದೆ. ಇದಕ್ಕೆಂದೇ ಹಿಮವನ್ನು ಕೆರೆದು ಪುಡಿ ಎಬ್ಬಿಸುವ ಬಾಗುವ ಲೋಹದ ಕಡ್ಡಿಗಳನ್ನು ಯಂತ್ರದ ಅಡಿಯಲ್ಲಿ ಸಿಕ್ಕಿಸಿರುತ್ತಾರೆ. ವಸಂತದಲ್ಲಿ ಬಾಡಿಗೆಗೆ ಪಡೆಯುವವರು ಆ ಕಡ್ಡಿಗಳಿವೆಯೇ ಎಂದು ಕೇಳಿ ನೋಡಬೇಕು.

ಹಿಮದ ಹರಳು ಬದಲಾಗುವುದು

ಹೊಸದಾಗಿ ಬಿದ್ದ ಹಿಮದ ತುಂಬ ಗಾಳಿ ಇರುತ್ತದೆ. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇಕಡ 80–90ರಷ್ಟನ್ನು ಅದು ಮರಳಿ ಆಕಾಶಕ್ಕೆ ಎಸೆಯುತ್ತದೆ. ಹಾಗಾಗಿ ಜನವರಿಯ ಬಿಸಿಲು ಹಿಮಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಮಾರ್ಚ್ ಕೊನೆಯ ಹೊತ್ತಿಗೆ ಸೂರ್ಯ ಮೇಲೇರಿರುತ್ತಾನೆ, ಹಿಮ ಹಳತಾಗಿ ಹರಳು ದೊಡ್ಡದಾಗಿರುತ್ತದೆ, ಧೂಳು ಕೂತಿರುತ್ತದೆ. ಒದ್ದೆಯಾದ ಹಳೆಯ ಹಿಮ ಮರಳಿ ಎಸೆಯುವ ಬೆಳಕು ಶೇಕಡ 50–60ಕ್ಕೆ ಇಳಿಯುತ್ತದೆ. ಉಳಿದ ಶಾಖವನ್ನೆಲ್ಲ ಹಿಮವೇ ಕುಡಿಯುತ್ತದೆ.

ಆದರೂ ಇಡೀ ಹಿಮ ಒಮ್ಮೆಲೇ ಕರಗುವುದಿಲ್ಲ. ಒಂದು ಕಿಲೋ ಮಂಜುಗಡ್ಡೆಯನ್ನು ಬರೀ ನೀರಾಗಿಸಲು ಸುಮಾರು 334 ಕಿಲೋಜೂಲ್ ಶಾಖ ಬೇಕು. ಒಂದು ಕಿಲೋ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಲು ಬೇಕಾಗುವಷ್ಟು ಶಾಖ ಇದು. ಹಾಗಾಗಿ ಮೇಲ್ಪದರ ಹಗಲಿನಲ್ಲಿ ಸ್ವಲ್ಪ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ದಿನಗಟ್ಟಲೆ ಕರಗಿ ಗಟ್ಟಿಯಾಗುವ ಆಟದಲ್ಲಿ ಚೂಪಾದ ಸಣ್ಣ ಹರಳುಗಳು ಕರಗಿ ಹೋಗಿ, ಒಂದಕ್ಕೊಂದು ಅಂಟಿಕೊಂಡ ದುಂಡು ಕಾಳುಗಳು ಉಳಿಯುತ್ತವೆ. ಇದನ್ನೇ ಸವಾರರು ಕಾರ್ನ್ ಸ್ನೋ ಎನ್ನುವುದು. ರಾತ್ರಿ ಈ ಕಾಳುಗಳ ನಡುವಿನ ನೀರು ಗಡ್ಡೆಯಾಗಿ ಇಡೀ ಪದರವನ್ನು ಬೆಸೆಯುತ್ತದೆ. ಆ ಹೊತ್ತಿನಲ್ಲಿ ಅದರಷ್ಟು ಭದ್ರವಾದ ಹಿಮ ಚಳಿಗಾಲದಲ್ಲೂ ಅಪರೂಪ. ಮಧ್ಯಾಹ್ನ ಅದೇ ಬೆಸುಗೆ ಕರಗಿದರೆ ಕಾಳುಗಳ ನಡುವೆ ಯಾವ ಹಿಡಿತವೂ ಇರುವುದಿಲ್ಲ.

ವಸಂತ ಮುಂದುವರಿದಂತೆ ನೆಲದಿಂದ ಮೇಲ್ಮೈವರೆಗೆ ಇಡೀ ಹಿಮರಾಶಿ ಸೊನ್ನೆ ಡಿಗ್ರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಒಳಗೆ ಚಳಿಯ ದಾಸ್ತಾನು ಇರುವುದಿಲ್ಲ. ಮೇಲಿನಿಂದ ಇಳಿದ ನೀರನ್ನು ಒಳಗಿನ ಚಳಿ ಹೆಪ್ಪುಗಟ್ಟಿಸಿ ತಡೆಯುವುದು ನಿಲ್ಲುತ್ತದೆ. ಆಗ ಬೆಟ್ಟವನ್ನು ಹಿಡಿದಿಡುವ ಕೆಲಸವೆಲ್ಲ ಒಂದು ರಾತ್ರಿಯ ಹೆಪ್ಪಿನ ಮೇಲೆ ಬೀಳುತ್ತದೆ.

ಮೋಡ ಕವಿದ ರಾತ್ರಿಯ ಅಪಾಯ

ಹೊಸಬರು ಮೋಸ ಹೋಗುವುದು ಇಲ್ಲೇ. ಫೋನಿನಲ್ಲಿ ರಾತ್ರಿಯ ತಾಪಮಾನ ನೋಡಿ, 'ಒಂದು ಡಿಗ್ರಿ ಇದೆ, ಹೆಪ್ಪುಗಟ್ಟಿಲ್ಲ' ಎಂದೋ 'ಎರಡೇ ಡಿಗ್ರಿ, ಸಾಕಷ್ಟು ಚಳಿ' ಎಂದೋ ತೀರ್ಮಾನಿಸುತ್ತಾರೆ. ಗಾಳಿಯ ತಾಪವೇ ಬೇರೆ, ಹಿಮದ ಮೇಲ್ಮೈಯ ತಾಪವೇ ಬೇರೆ. ಹಿಮ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಾಗಿ ಸದಾ ಹೊರಸೂಸುತ್ತಿರುತ್ತದೆ. ಆಕಾಶ ಶುಭ್ರವಾಗಿ ಗಾಳಿ ಒಣಗಿದ್ದರೆ ಆ ಶಾಖ ನೇರ ಮೇಲಕ್ಕೆ ಹೊರಟುಹೋಗುತ್ತದೆ. ಗಾಳಿಯ ತಾಪ ಸೊನ್ನೆಗಿಂತ ಎರಡು ಮೂರು ಡಿಗ್ರಿ ಹೆಚ್ಚಿದ್ದಾಗಲೂ ಹಿಮದ ಮೇಲ್ಮೈ ಗಟ್ಟಿಯಾಗಬಲ್ಲದು. ಮೋಡ ಕವಿದಿದ್ದರೆ, ಹೊರಟ ಶಾಖದ ಬಹುಪಾಲನ್ನು ಮೋಡ ಮರಳಿ ಕಳಿಸುತ್ತದೆ. ತಾಪಮಾಪಕ ಸೊನ್ನೆಯ ಹತ್ತಿರ ತೋರಿಸಿದರೂ ಹಿಮ ಮೆತ್ತಗೇ ಉಳಿಯುತ್ತದೆ.

ಆದ್ದರಿಂದ ಹಿಂದಿನ ಸಂಜೆ ನೋಡಬೇಕಾದದ್ದು ಮೋಡದ ಮುನ್ಸೂಚನೆಯನ್ನು. ನಕ್ಷತ್ರ ತುಂಬಿದ ರಾತ್ರಿ ಒಳ್ಳೆಯ ಸೂಚನೆ. ಮೋಡ ಕವಿದ ಬೆಚ್ಚಗಿನ ರಾತ್ರಿ ಒಂದೇ ಬಂದರೂ ಎಚ್ಚರ ಬೇಕು, ಸಾಲಾಗಿ ಎರಡು ಮೂರು ಬಂದರೆ ಕಡಿದಾದ ಜಾಗಗಳ ಆಸೆ ಬಿಡಬೇಕು. ರಾತ್ರಿ ಮಳೆ ಬಿದ್ದಿದ್ದರೆ ಚರ್ಚೆಯೇ ಬೇಡ: ನೀರು ತನ್ನ ಶಾಖದೊಂದಿಗೆ ಹಿಮದೊಳಗೆ ಇಳಿದಿರುತ್ತದೆ.

ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ

ಚೆನ್ನಾಗಿ ಹೆಪ್ಪುಗಟ್ಟಿದ ದಿನದ ಮುಂಜಾನೆ ಇಳಿಜಾರು ಭದ್ರವಾಗಿರುತ್ತದೆ. ಸವಾರಿ ಮಾತ್ರ ಆ ಹೊತ್ತಿನಲ್ಲಿ ಕಷ್ಟ. ಸ್ಕೀಗಳು ಗಡ್ಡೆಯ ಮೇಲೆ ಕಡಕಡ ಸದ್ದು ಮಾಡುತ್ತ ಅಡ್ಡ ಜಾರುತ್ತವೆ, ಬ್ರೇಕ್ ಹಿಡಿದರೂ ಯಂತ್ರ ಬೇಗ ನಿಲ್ಲುವುದಿಲ್ಲ, ಎಂಜಿನ್ ತಾಪದ ಸೂಚಕ ಮೇಲೇರುತ್ತಲೇ ಇರುತ್ತದೆ. ಬಿಸಿಲು ತಗುಲಿ ಮೇಲಿನ ಎರಡು ಮೂರು ಸೆಂಟಿಮೀಟರ್ ಸಡಿಲವಾದಾಗ ಯಂತ್ರಕ್ಕೂ ಸವಾರನಿಗೂ ಹಬ್ಬ. ಕೆಳಗೆ ಗಟ್ಟಿ ನೆಲೆ, ಮೇಲೆ ಮೆತ್ತನೆಯ ಕಾಳು. ಈ ಹೊತ್ತು ದೀರ್ಘವಲ್ಲ, ಕೆಲವು ದಿನ ಒಂದೆರಡು ಗಂಟೆಯಷ್ಟೇ. ಆಮೇಲೆ ಹಿಮ ಕೆಸರಿನಂತಾಗುತ್ತದೆ. ಟ್ರ್ಯಾಕ್ ಗುಂಡಿ ತೋಡಿಕೊಂಡು ಕೂರುತ್ತದೆ, ಸ್ಕೀ ಹುಗಿಯುತ್ತದೆ, 200 ಕಿಲೋ ಯಂತ್ರವನ್ನು ಎತ್ತಿ ಹೊರಗೆಳೆಯುವಷ್ಟರಲ್ಲಿ ಇಬ್ಬರಿಗೂ ಉಸಿರು ಸಿಕ್ಕಿಕೊಳ್ಳುತ್ತದೆ.

ನನಗೆ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವೆನಿಸುವುದು ಈ ಎಳೆದಾಟ. ಬೆಟ್ಟ ಅತ್ಯಂತ ಸುರಕ್ಷಿತವಾಗಿರುವ ಹೊತ್ತಿನಲ್ಲಿ ಯಂತ್ರ ಒದ್ದಾಡುತ್ತದೆ, ಯಂತ್ರ ಸಲೀಸಾಗಿ ಓಡತೊಡಗಿದಾಗ ಬೆಟ್ಟದ ಭದ್ರತೆ ಕರಗತೊಡಗಿರುತ್ತದೆ. 'ಇನ್ನೂ ಸ್ವಲ್ಪ ಮೆತ್ತಗಾಗಲಿ' ಎಂದು ಕಾಯುತ್ತ, 'ಈಗ ತಾನೆ ಚೆನ್ನಾಗಿದೆ, ಇನ್ನೊಂದು ಸುತ್ತು' ಎಂದು ಉಳಿಯುತ್ತ ಹೋದವರು ಅಪಾಯದ ಗಂಟೆಯೊಳಗೆ ತಮಗೇ ತಿಳಿಯದಂತೆ ಕಾಲಿಡುತ್ತಾರೆ. ಅದಕ್ಕೇ ಅನುಭವಿಗಳು ಹಿಂದಿರುಗುವ ಗಂಟೆಯನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಳ್ಳುತ್ತಾರೆ. ಬಿಸಿಲಿನಲ್ಲಿ, ಖುಷಿಯಲ್ಲಿ, ಗೆಳೆಯರ ನಡುವೆ ಆ ತೀರ್ಮಾನ ಮಾಡುವುದು ಕಷ್ಟ.

ಯಾವ ದಿಕ್ಕಿಗೆ ಮುಖ ಮಾಡಿದ ಇಳಿಜಾರು?

ಒಂದೇ ಬೆಟ್ಟದ ನಾಲ್ಕು ಮಗ್ಗುಲುಗಳಲ್ಲಿ ಒಂದೇ ಹೊತ್ತಿಗೆ ನಾಲ್ಕು ಬಗೆಯ ಹಿಮ ಇರುತ್ತದೆ. ಪೂರ್ವದ ಮಗ್ಗುಲಿಗೆ ಬಿಸಿಲು ಮೊದಲು ಬೀಳುತ್ತದೆ, ಆಮೇಲೆ ದಕ್ಷಿಣಕ್ಕೆ, ಮಧ್ಯಾಹ್ನದ ನಂತರ ಪಶ್ಚಿಮಕ್ಕೆ. ಬೆಳಿಗ್ಗೆ ಏಳಕ್ಕೆ ಕಲ್ಲಿನಂತಿದ್ದ ಪೂರ್ವದ ಇಳಿಜಾರು ಹನ್ನೊಂದಕ್ಕೆ ಮೊಣಕಾಲುದ್ದದ ಕೆಸರಾಗಿರಬಹುದು. ಹೋಗುವಾಗ ಸುಲಭವಾಗಿದ್ದ ದಾರಿ ಬರುವಾಗ ಹಾಗೆಯೇ ಇರುತ್ತದೆ ಎಂದುಕೊಳ್ಳುವಂತಿಲ್ಲ. ಮರಳುವ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ ಎಂದು ಲೆಕ್ಕ ಹಾಕಿ ದಾರಿ ಆರಿಸಬೇಕು.

ಉತ್ತರ ಮಗ್ಗುಲು ಚಳಿಗಾಲದ ಒಣ ಹಿಮವನ್ನು ಬಹುಕಾಲ ಉಳಿಸಿಕೊಳ್ಳುತ್ತದೆ, ಹಾಗಾಗಿ ಸವಾರರು ವಸಂತದಲ್ಲಿ ಅದನ್ನೇ ಹುಡುಕಿ ಹೋಗುತ್ತಾರೆ. ಅಲ್ಲಿನ ತೊಂದರೆ ಬೇರೆ ಬಗೆಯದು. ಅಲ್ಲಿ ನೀರು ಇನ್ನೂ ಒಮ್ಮೆಯೂ ಒಳಗಿಳಿದಿರುವುದಿಲ್ಲ, ಚಳಿಗಾಲದ ದುರ್ಬಲ ಪದರಗಳು ಹಾಗೆಯೇ ಇರುತ್ತವೆ. ಋತುವಿನ ಮೊದಲ ದೊಡ್ಡ ಸೆಖೆ ಆ ಮಗ್ಗುಲಿಗೆ ತಲುಪಿದ ದಿನ ಅದು ಎಲ್ಲಕ್ಕಿಂತ ಅಪಾಯಕಾರಿ ಜಾಗ.

ಒದ್ದೆ ಹಿಮ ಕುಸಿಯುವುದು ಹೇಗೆ

ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಕಡಿದಿನ ಇಳಿಜಾರುಗಳಲ್ಲಿ ಆಗುತ್ತವೆ. ಸ್ನೋಮೊಬೈಲ್ ಸವಾರರು ಎಷ್ಟು ಎತ್ತರ ಹತ್ತಬಲ್ಲೆವೆಂದು ಪಣ ತೊಡುವುದೂ ಇಂಥ ಇಳಿಜಾರುಗಳಲ್ಲೇ. ವಸಂತದ ಕುಸಿತಗಳಲ್ಲಿ ಎರಡು ಬಗೆಗಳು ಮುಖ್ಯ.

ಮೊದಲನೆಯದು ಒಂದು ಬಿಂದುವಿನಿಂದ ಶುರುವಾಗಿ ಬೀಸಣಿಗೆಯಂತೆ ಹರಡುವ ಸಡಿಲ ಹಿಮದ ಜಾರು. ಬಿಸಿಲು ಬಿದ್ದ ಬಂಡೆಯ ಬುಡದಲ್ಲಿ ಇದು ಹೆಚ್ಚು. ಇದು ಮುನ್ನೆಚ್ಚರಿಕೆ ಕೊಟ್ಟೇ ಬರುತ್ತದೆ: ಮೊದಲು ಸಣ್ಣ ಹಿಮದ ಉಂಡೆಗಳು ತಾವಾಗಿ ಉರುಳುತ್ತವೆ, ಉರುಳುತ್ತ ಸುರುಳಿಯಾಗಿ ದಪ್ಪಗಾಗುತ್ತವೆ. ಅಂಥ ಉಂಡೆಗಳ ಗೆರೆಗಳು ಇಳಿಜಾರಿನಲ್ಲಿ ಕಂಡವೆಂದರೆ ಆ ಮಗ್ಗುಲಿನಿಂದ ಹೊರಡುವ ಸಮಯ ಬಂತೆಂದೇ ಅರ್ಥ.

ಎರಡನೆಯದು ಇಡೀ ಹಾಸು ಕಿತ್ತುಬರುವ ಕುಸಿತ. ಇದನ್ನು ಅರ್ಥಮಾಡಿಕೊಳ್ಳಲು ನಮಗೆ ಹಿಮದ ಅನುಭವವೇ ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ನೆನೆಯಿರಿ. ಸುರಿದ ಮಳೆ ಮಣ್ಣಿನೊಳಗೆ ಇಳಿಯಿತು, ಕೆಳಗಿನ ಗಟ್ಟಿ ಪದರದ ಬಳಿ ತಡೆದು ನಿಂತಿತು, ಮೇಲಿನ ಮಣ್ಣಿನ ಹಿಡಿತ ಸಡಿಲಿಸಿತು, ಮರಗಿಡ ಮನೆಗಳ ಸಮೇತ ಇಳಿಜಾರು ಜಾರಿತು. ಹಿಮದಲ್ಲಿಯೂ ಹೀಗೆಯೇ. ಕರಗಿದ ನೀರು ಕೆಳಗಿಳಿದು ಗಡ್ಡೆಯ ಪದರವೊಂದರ ಮೇಲೆ, ಇಲ್ಲವೇ ಸಕ್ಕರೆಯಂಥ ಸಡಿಲ ಹರಳಿನ ಪದರದ ಬಳಿ ಸೇರುತ್ತದೆ. ಆಮೇಲೆ ಮೇಲಿನದ್ದೆಲ್ಲ ಒಟ್ಟಾಗಿ ಹೊರಡುತ್ತದೆ. ಕೊಲೊರಾಡೊದಂಥ ಒಣ ಚಳಿಯ ಸೀಮೆಗಳಲ್ಲಿ ನೆಲಕ್ಕೆ ಹತ್ತಿರ ಆ ಸಡಿಲ ಹರಳಿನ ಪದರ ಸಾಮಾನ್ಯ, ಹಾಗಾಗಿ ಅಲ್ಲಿ ಮೊದಲ ಸೆಖೆಯ ದಿನಗಳಲ್ಲಿ ಈ ಭಯ ಹೆಚ್ಚು. ಸಮುದ್ರದ ತೇವ ಪಡೆವ ವಾಷಿಂಗ್ಟನ್ನಿನ ಕ್ಯಾಸ್ಕೇಡ್ ಶ್ರೇಣಿಯಲ್ಲಿ ಹಿಮ ಭಾರವಾಗಿದ್ದು ಬೇಗ ಕೂರುತ್ತದೆ, ಅಲ್ಲಿ ಮಳೆಯೇ ದೊಡ್ಡ ಶತ್ರು.

ಇವೆರಡರ ಜೊತೆಗೆ, ಗಾಳಿ ಶಿಖರದ ಅಂಚಿನಿಂದಾಚೆಗೆ ಚಾಚಿ ಕಟ್ಟಿದ ಹಿಮದ ಸೂರುಗಳು ಬಿಸಿಲಿಗೆ ಕಳಚಿ ಬೀಳುತ್ತವೆ. ಮೇಲಿನಿಂದ ನೋಡಿದವರಿಗೆ ಅದು ಗಟ್ಟಿ ನೆಲದಂತೆಯೇ ಕಾಣುತ್ತದೆ, ಕೆಳಗೆ ಮಾತ್ರ ಬರೀ ಗಾಳಿ. ಅಂಚಿನಿಂದ ಬಹಳ ಹಿಂದೆಯೇ ನಿಲ್ಲಬೇಕು.

ಕಡಿದಾದ ಜಾಗ ಹತ್ತದಿದ್ದರೂ ಅದರ ಬುಡದಲ್ಲಿ ನಿಂತರೆ ಅಪಾಯ ಅಷ್ಟೇ. 2010ರ ಮಾರ್ಚ್ 13ರಂದು ಕೆನಡಾದ ರೆವೆಲ್‌ಸ್ಟೋಕ್ ಬಳಿಯ ಬೌಲ್ಡರ್ ಮೌಂಟನ್‌ನಲ್ಲಿ, ಸ್ನೋಮೊಬೈಲ್ ಕೂಟವೊಂದನ್ನು ನೋಡಲು ಇಳಿಜಾರಿನ ಕೆಳಗೆ ಸೇರಿದ್ದ ಜನರ ಮೇಲೆ ಹಿಮ ಕುಸಿದು ಇಬ್ಬರು ಸತ್ತರು, ಸುಮಾರು 30 ಮಂದಿ ಗಾಯಗೊಂಡರು. ಯಾವ ಋತುವಿನಲ್ಲಾದರೂ ಇಳಿಜಾರಿನಲ್ಲಿ ಒಮ್ಮೆಗೆ ಒಬ್ಬರೇ ಇರಬೇಕು, ಉಳಿದವರು ಹಿಮ ಬಂದು ನಿಲ್ಲುವ ಜಾಗದಿಂದ ದೂರವಿರಬೇಕು ಎಂಬ ನಿಯಮ ಇದಕ್ಕೇ.

ಕೈ ಮತ್ತು ಕಾಲಿನ ಪರೀಕ್ಷೆ

ಸ್ನೋಮೊಬೈಲ್ ಮೇಲೆ ಕೂತವನಿಗೆ ಹಿಮದ ನಿಜಸ್ಥಿತಿ ತಿಳಿಯುವುದಿಲ್ಲ. ಯಂತ್ರದ ಭಾರ ಅಗಲವಾದ ಟ್ರ್ಯಾಕ್ ಮೇಲೆ ಹಂಚಿಹೋಗುವುದರಿಂದ, ಅದು ಹಿಮದ ಮೇಲ್ಮೈಯನ್ನು ಒತ್ತುವ ಬಲ ಚದರ ಇಂಚಿಗೆ ಲೆಕ್ಕ ಹಾಕಿದರೆ ನಿಂತ ಮನುಷ್ಯನ ಪಾದದ ಒತ್ತಡಕ್ಕಿಂತ ಕಡಿಮೆ. ತೆಳ್ಳನೆಯ ಗಟ್ಟಿ ಹೊದಿಕೆಯ ಮೇಲೆ ಯಂತ್ರ ಸಲೀಸಾಗಿ ತೇಲುತ್ತದೆ, ಕೆಳಗಿನ ಕೆಸರು ಗೊತ್ತೇ ಆಗುವುದಿಲ್ಲ. ಆದ್ದರಿಂದ ಇಳಿಯಬೇಕು, ಆಗಾಗ ಇಳಿಯಬೇಕು.

ಸಮತಟ್ಟಾದ ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲಿ. ಬೂಟಿನ ಗುರುತಷ್ಟೇ ಮೂಡಿದರೆ ಹೆಪ್ಪು ಆಳವಾಗಿದೆ. ಹಿಮ ಪಾದದ ಗಂಟಿನವರೆಗೆ ಬಂದರೆ ಕಡಿದಾದ ಇಳಿಜಾರುಗಳಿಂದ ಹೊರಡುವ ಹೊತ್ತು. ಮೇಲ್ಪದರ ಬಿಸ್ಕತ್ತಿನ ಸದ್ದು ಮಾಡಿ ಮುರಿದು ಕಾಲು ಮೊಣಕಾಲಿನವರೆಗೆ ಇಳಿದರೆ ರಾತ್ರಿ ಗಟ್ಟಿಯಾಗಿದ್ದು ಮೇಲಿನ ಹೊದಿಕೆ ಮಾತ್ರ. ನಂತರ ಮೇಲಿನಿಂದ ಒಂದು ಹಿಡಿ, ಗೇಣುದ್ದ ಕೆಳಗಿನಿಂದ ಇನ್ನೊಂದು ಹಿಡಿ ಹಿಮ ತೆಗೆದುಕೊಂಡು ಅದುಮಿ. ಉಂಡೆಯೇ ಕಟ್ಟದಿದ್ದರೆ ಒಣ ಹಿಮ. ಉಂಡೆ ಕಟ್ಟಿದರೆ ತೇವ ಬಂದಿದೆ. ಕಾಳುಗಳ ನಡುವೆ ನೀರಿನ ಹೊಳಪು ಕಂಡು, ಅದುಮಿದರೂ ನೀರು ಸುರಿಯದಿದ್ದರೆ ಒದ್ದೆ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಅತಿ ಒದ್ದೆ. ಹಿಮವಿಜ್ಞಾನಿಗಳ ಅಂತರರಾಷ್ಟ್ರೀಯ ವರ್ಗೀಕರಣವೂ ಇದೇ ಅದುಮುವ ಪರೀಕ್ಷೆಯನ್ನು ಬಳಸುತ್ತದೆ. ಕೆಳಗಿನ ಹಿಡಿ ಮೇಲಿನದಕ್ಕಿಂತ ಒದ್ದೆಯಾಗಿದ್ದರೆ ಹೆಚ್ಚು ಎಚ್ಚರ ಬೇಕು. ಎಂಜಿನ್ ನಿಂತ ಮೌನದಲ್ಲಿ ಕಿವಿಗೊಟ್ಟರೆ ಹಿಮದಡಿ ಹರಿವ ನೀರಿನ ಸದ್ದೂ ಕೇಳಬಹುದು.

ಮೌಂಟ್ ಬೇಕರ್‌ನ ಉದಾಹರಣೆ

ಸಿಯಾಟಲ್‌ನಿಂದ ಉತ್ತರಕ್ಕಿರುವ 3,286 ಮೀಟರ್ ಎತ್ತರದ ಮೌಂಟ್ ಬೇಕರ್ ಹಿಮನದಿಗಳನ್ನು ಹೊದ್ದ ಜ್ವಾಲಾಮುಖಿ. 1998–99ರ ಋತುವಿನಲ್ಲಿ ಇಲ್ಲಿನ ಸ್ಕೀ ತಾಣದಲ್ಲಿ ಒಟ್ಟು 1,140 ಇಂಚು, ಅಂದರೆ ಸುಮಾರು 29 ಮೀಟರ್ ಹಿಮ ಬಿದ್ದು ವಿಶ್ವದಾಖಲೆಯಾಯಿತು. ಬೆಟ್ಟದ ದಕ್ಷಿಣದ ಮಗ್ಗುಲಿನಲ್ಲಿ 1984ರಲ್ಲಿ ರೂಪುಗೊಂಡ ರಾಷ್ಟ್ರೀಯ ವಿಹಾರ ಪ್ರದೇಶದಲ್ಲಿ ಸ್ನೋಮೊಬೈಲ್‌ಗೆ ಅವಕಾಶವಿದೆ. ಅದರಾಚೆಯ ವನ್ಯಪ್ರದೇಶದಲ್ಲಿ ಯಾವ ಮೋಟಾರು ವಾಹನಕ್ಕೂ ಪ್ರವೇಶವಿಲ್ಲ, ಹಿಮದ ಮೇಲೆ ಆ ಗಡಿ ಕಣ್ಣಿಗೆ ಕಾಣುವುದಿಲ್ಲ, ನಕ್ಷೆ ಬೇಕೇ ಬೇಕು.

ವಸಂತದ ಎಲ್ಲ ತೊಡಕುಗಳೂ ಈ ಬೆಟ್ಟ ಹತ್ತುವ ಒಂದೇ ದಾರಿಯಲ್ಲಿ ಸಿಗುತ್ತವೆ. ತಗ್ಗಿನ ಕಾಡುರಸ್ತೆಯಲ್ಲಿ ಹಿಮ ಮೊದಲು ಕರಗಿಹೋಗಿ, ಜಲ್ಲಿ ಮತ್ತು ಮರದ ಕೊರಡು ಹೊರಗೆ ಕಾಣುತ್ತಿರುತ್ತವೆ. ಹಳ್ಳಗಳ ಮೇಲೆ ಚಳಿಗಾಲವಿಡೀ ನಿಂತಿದ್ದ ಹಿಮದ ಸೇತುವೆ ಕೆಳಗಿನಿಂದ ಸವೆದಿರುತ್ತದೆ. ಮೇಲ್ನೋಟಕ್ಕೆ ಸಣ್ಣ ತಗ್ಗಿನಂತೆ ಕಾಣುವ ಗೆರೆಯೇ ಅದರ ಸುಳಿವು. ಬೆಳಿಗ್ಗೆ ದಾಟಿದ ಸೇತುವೆ ಮಧ್ಯಾಹ್ನ ಭಾರ ತಾಳದಿರಬಹುದು. ಇನ್ನೂ ಮೇಲೆ ಈಸ್ಟನ್ ಹಿಮನದಿಯ ಬಳಿ ಆಳವಾದ ಬಿರುಕುಗಳನ್ನು ಮುಚ್ಚಿದ ಹಿಮವೂ ಹೀಗೆಯೇ ದುರ್ಬಲವಾಗುತ್ತ ಹೋಗುತ್ತದೆ. ಹಿಮನದಿಯ ಮೇಲಿನ ಸವಾರಿಯನ್ನು ಮೊದಲ ಬಾರಿಯವರು ಬಿಡುವುದೇ ಒಳ್ಳೆಯದು. ಇಳಿಜಾರು ಕಡಿಮೆಯಿರುವ ಹುಲ್ಲುಗಾವಲು, ಕಾಡಂಚಿನ ಬಯಲುಗಳಲ್ಲೇ ಬೇಕಾದಷ್ಟು ಸಂತೋಷವಿದೆ.

ಹೂತುಹೋದರೆ

ಹಿಮಕುಸಿತ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹೂತುಹೋದ ಅವರು ಆರು ದಿನಗಳ ನಂತರ ಜೀವಂತವಾಗಿ ಸಿಕ್ಕಿದರು, ಫೆಬ್ರುವರಿ 11ರಂದು ಕೊನೆಯುಸಿರೆಳೆದರು. ಅದು ಅಪರೂಪದಲ್ಲಿ ಅಪರೂಪ. ಇಳಿಜಾರಿನಲ್ಲಿ ಕುಸಿತಕ್ಕೆ ಸಿಕ್ಕವರ ವಿಷಯದಲ್ಲಿ ದಿನಗಳ ಲೆಕ್ಕವಿಲ್ಲ, ನಿಮಿಷಗಳದ್ದು. ಮೊದಲ ಹತ್ತು ಹದಿನೈದು ನಿಮಿಷಗಳೊಳಗೆ ಹೊರತೆಗೆದರೆ ಬದುಕುವ ಸಾಧ್ಯತೆ ಬಹಳ, ಆಮೇಲೆ ಅದು ತಟ್ಟನೆ ಇಳಿಯುತ್ತದೆ. ಒದ್ದೆ ಹಿಮ ಒಣ ಹಿಮಕ್ಕಿಂತ ಹಲವು ಪಟ್ಟು ಭಾರ, ನಿಂತೊಡನೆ ಕಾಂಕ್ರೀಟಿನಂತೆ ಬಿಗಿಯುತ್ತದೆ. ಹೊರಗಿನ ನೆರವು ಬರುವಷ್ಟು ಸಮಯವಿರುವುದಿಲ್ಲ, ಜೊತೆಗಾರರೇ ರಕ್ಷಕರು.

ಹಾಗಾಗಿ ಪ್ರತಿಯೊಬ್ಬರ ಮೈಮೇಲೂ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ, ಹೂತವರನ್ನು ಹುಡುಕುವಾಗ ಅವರ ಸಂಕೇತ ಹಿಡಿಯುವ ಟ್ರಾನ್ಸೀವರ್ ಇರಬೇಕು, ಬೆನ್ನಚೀಲದಲ್ಲಿ ಹಿಮ ಚುಚ್ಚಿ ನೋಡಲು ಮಡಚುವ ಉದ್ದ ಕೋಲು ಮತ್ತು ಲೋಹದ ಸಲಿಕೆ ಇರಬೇಕು. ಯಂತ್ರಕ್ಕೆ ಕಟ್ಟಿದ ಸಲಿಕೆ ಯಂತ್ರದೊಂದಿಗೇ ಹೂತುಹೋಗುತ್ತದೆ. ಮೊಬೈಲ್ ಫೋನನ್ನು ಟ್ರಾನ್ಸೀವರ್‌ನಿಂದ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿಡಬೇಕು, ಇಲ್ಲದಿದ್ದರೆ ಸಂಕೇತ ಕೆಡುತ್ತದೆ. ಇವನ್ನು ಬಾಡಿಗೆಗೆ ಪಡೆದ ದಿನವೇ ಬಳಸಲು ಬರುವುದಿಲ್ಲ, ಮೊದಲೇ ಅಭ್ಯಾಸ ಬೇಕು.

ಗುಲ್ಮಾರ್ಗ್, ಮನಾಲಿ ಬಳಿಯ ಸೋಲಾಂಗ್‌ನಲ್ಲಿ

ನಮ್ಮ ಪ್ರವಾಸಿಗರು ಏರುವ ಹಿಮದ ಸ್ಕೂಟರ್ ಹೆಚ್ಚಾಗಿ ತಗ್ಗು ಬಯಲಿನಲ್ಲಿ, ಸ್ಥಳೀಯ ಚಾಲಕರ ಕೈಯಲ್ಲಿ ಓಡುತ್ತದೆ. ಬೆಟ್ಟದ ಸವಾರಿಗೂ ಇದಕ್ಕೂ ಹೋಲಿಕೆ ಕಡಿಮೆ. ಆದರೆ ಹಿಮದ ಗುಣ ಒಂದೇ, ಗಡಿಯಾರ ಮಾತ್ರ ಇನ್ನಷ್ಟು ವೇಗ. ಮಾರ್ಚ್ 20ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಗುಲ್ಮಾರ್ಗ್‌ನಲ್ಲಿ ದಿಗಂತದಿಂದ ಸುಮಾರು 56 ಡಿಗ್ರಿ ಎತ್ತರದಲ್ಲಿರುತ್ತಾನೆ, ಮೌಂಟ್ ಬೇಕರ್‌ನಲ್ಲಿ 41 ಡಿಗ್ರಿಯಷ್ಟೇ. ಅಂದರೆ ಇಲ್ಲಿ ಹಿಮಕ್ಕೆ ಬಿಸಿಲು ಹೆಚ್ಚು ನೇರವಾಗಿ ಬೀಳುತ್ತದೆ. ಬೆಳಿಗ್ಗೆಯ ಸರದಿ ಆರಿಸಿಕೊಳ್ಳಿ, ಇನ್ನೂ ಮೇಲೆ ಕರೆದೊಯ್ಯುತ್ತೇವೆಂದರೆ ಮಧ್ಯಾಹ್ನದ ನಂತರ ಒಪ್ಪಬೇಡಿ. ಹಿಮಾಲಯದ ಹಿಮಕುಸಿತದ ಎಚ್ಚರಿಕೆಗಳನ್ನು ಚಂಡೀಗಢದಲ್ಲಿರುವ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಕೊಡುತ್ತದೆ, ಪತ್ರಿಕೆಗಳೂ ಜಿಲ್ಲಾಡಳಿತಗಳೂ ಅವನ್ನು ಪ್ರಕಟಿಸುತ್ತವೆ.

ಮುನ್ಸೂಚನೆ ಓದುವುದು, ಅದು ನಿಂತ ಮೇಲೆ ಮಾಡುವುದು

ಅಮೆರಿಕ ಮತ್ತು ಕೆನಡಾದ ಹಿಮಕುಸಿತ ಕೇಂದ್ರಗಳು ಅಪಾಯವನ್ನು ಐದು ಹಂತಗಳಲ್ಲಿ ಹೇಳುತ್ತವೆ. ವಸಂತದಲ್ಲಿ ಹಂತದ ಸಂಖ್ಯೆ ನೋಡಿ ಬಿಟ್ಟರೆ ಸಾಲದು, ಕೆಳಗಿನ ವಿವರಣೆ ಓದಬೇಕು. ಬೆಳಿಗ್ಗೆ ಕಡಿಮೆಯಿದ್ದ ಅಪಾಯ ಬಿಸಿಲೇರಿದಂತೆ ಹೆಚ್ಚುತ್ತದೆ ಎಂಬ ಮಾತು ಅಲ್ಲಿರುತ್ತದೆ, ಯಾವ ದಿಕ್ಕು, ಯಾವ ಎತ್ತರ ಎಂಬುದೂ ಇರುತ್ತದೆ.

ಏಪ್ರಿಲ್ ಮಧ್ಯದಿಂದೀಚೆಗೆ ಅನೇಕ ಕೇಂದ್ರಗಳು ದಿನನಿತ್ಯದ ಮುನ್ಸೂಚನೆಯನ್ನು ನಿಲ್ಲಿಸುತ್ತವೆ. ಸಿಬ್ಬಂದಿಯ ಋತು ಮುಗಿಯುತ್ತದೆ, ಹಿಮದ ಋತು ಮುಗಿದಿರುವುದಿಲ್ಲ. ಮುನ್ಸೂಚನೆ ಇಲ್ಲವೆಂದರೆ ಅಪಾಯವಿಲ್ಲವೆಂದು ತಿಳಿಯುವವರಿದ್ದಾರೆ, ಅದು ತಪ್ಪು. ಆಗ ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಹರಡಿರುವ ಸ್ನೋಟೆಲ್ ಸ್ವಯಂಚಾಲಿತ ನಿಲ್ದಾಣಗಳು ನೆರವಿಗೆ ಬರುತ್ತವೆ. ಹಿಮದ ಆಳ, ಅದರಲ್ಲಿರುವ ನೀರಿನ ಪ್ರಮಾಣ, ಗಂಟೆಗಂಟೆಯ ತಾಪ ಎಲ್ಲವನ್ನೂ ಅವು ಅಂತರ್ಜಾಲದಲ್ಲಿ ಉಚಿತವಾಗಿ ಕೊಡುತ್ತವೆ. ನೀವು ಹೋಗುವ ಎತ್ತರಕ್ಕೆ ಹತ್ತಿರವಾದ ನಿಲ್ದಾಣ ಆರಿಸಿ, ಕಳೆದ ಮೂರು ರಾತ್ರಿಗಳ ಕನಿಷ್ಠ ತಾಪ ನೋಡಿ, ಆ ರಾತ್ರಿಗಳಲ್ಲಿ ಮೋಡವಿತ್ತೇ ಎಂಬುದನ್ನು ಪಕ್ಕದಲ್ಲಿಟ್ಟು ಓದಿ. ಕಣಿವೆಯ ಊರಿನ ತಾಪ ನೋಡಿ ಬೆಟ್ಟದ್ದನ್ನು ಊಹಿಸಬೇಡಿ: ಶಾಂತ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಇಳಿದು ಕಣಿವೆಯಲ್ಲಿ ಕೂರುವುದರಿಂದ, ಕೆಳಗೆ ಕಾರಿನ ಗಾಜಿನ ಮೇಲೆ ಗಡ್ಡೆ ಕಟ್ಟಿದ್ದಾಗಲೂ ಮೇಲಿನ ಇಳಿಜಾರು ಸೊನ್ನೆಗಿಂತ ಬೆಚ್ಚಗಿರಬಹುದು.